ಕೋಸಿನ ಎಲೆಯನ್ನು ಮಗುಚಿ ನೋಡುವುದು

(ತಾರಸಿಯಲ್ಲಿ ಹಾಗೂ ಹಿತ್ತಲಿನಲ್ಲಿ ತರಕಾರಿ ಬೆಳೆಯುವವರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಈ ತಟ್ಟೆಯಲ್ಲಿರುವುದು ಇಂದು ಬೆಳಿಗ್ಗೆ ಬೆಂಗಳೂರಿನ ನಮ್ಮ ಮನೆಯ ತಾರಸಿಯ ಕುಂಡದಿಂದ ಕಿತ್ತು ತಂದ ಎಲೆಕೋಸಿನ ಒಂದು ಹೊರ ಎಲೆ. ಇದನ್ನು ನೀವೆಲ್ಲರೂ ಒಬ್ಬರಿಂದ ಒಬ್ಬರಿಗೆ ದಾಟಿಸಿ ನೋಡಬೇಕೆಂದು ಕೋರುತ್ತೇನೆ. ಮೇಲಿನಿಂದ ನೋಡಿದರೆ ಆರೇಳು ತೂತುಗಳೂ, ನರದ ಪಕ್ಕದಲ್ಲಿ ಮಬ್ಬು ಗಾಜು ಕೂರಿಸಿದಂತಹ ನಾಲ್ಕು ಮಚ್ಚೆಗಳೂ ಕಾಣುತ್ತವೆ. ಮಗುಚಿದರೆ ಬೆರಳಿನ ಉಗುರಿನಷ್ಟು ಉದ್ದದ ಒಂದು ಹಸಿರು ಹುಳು, ಜಾಳುಜಾಳಾದ ನೂಲಿನ ಗೂಡೊಂದು, ಅಕ್ಕಿಯ ನುಚ್ಚಿನಂತಹ ಒಂದು ಬಿಳಿಯ ಗೂಡು, ತೊಟ್ಟಿನ ಸಮೀಪದ ಮಡಿಕೆಯಲ್ಲಿ ಬೂದಿ ಚೆಲ್ಲಿದಂತೆ ಕಾಣುವ ಹೇನುಗಳ ಗುಂಪು, ಇಷ್ಟೂ ಒಂದೇ ಎಲೆಯಲ್ಲಿವೆ. ಇವುಗಳಲ್ಲಿ ಒಂದು ನನ್ನ ಪಕ್ಷದ್ದು. ಅದು ಯಾವುದೆಂದು ತಿಳಿಯದೆ ಒಂದು ಇಡೀ ಹಂಗಾಮು ನಾನು ಅದನ್ನೇ ಹುಡುಕಿ ಹುಡುಕಿ ಹೊಸಕಿ ಹಾಕಿದ್ದೇನೆ. ಆ ಕಥೆಗೆ ಆಮೇಲೆ ಬರುತ್ತೇನೆ.

ಮನೆಯಲ್ಲಿ ಕೋಸು ಬೆಳೆಯುವವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಎಲೆಯೆಲ್ಲ ತೂತು ಬಿದ್ದಿದೆ, ಏನು ಹೊಡೆಯಬೇಕು?" ಈ ಪ್ರಶ್ನೆಗೆ ಉತ್ತರವಿಲ್ಲ, ಏಕೆಂದರೆ ಹುಳುವನ್ನು ಕೊಲ್ಲುವ ಜೈವಿಕ ಪುಡಿ ಹೇನಿಗೆ ತಾಗುವುದಿಲ್ಲ, ಹೇನನ್ನು ಕೊಲ್ಲುವ ಸೋಪಿನ ನೀರು ಸುಳಿಯ ಒಳಗೆ ಕುಳಿತ ಹುಳುವನ್ನು ಮುಟ್ಟುವುದಿಲ್ಲ, ರಾತ್ರಿ ಮೇಯುವ ಹುಳು ಹಗಲಿನಲ್ಲಿ ಗಿಡದ ಮೇಲೆ ಇರುವುದೇ ಇಲ್ಲ. ಆದ್ದರಿಂದ ಮೊದಲು ಕೇಳಬೇಕಾದದ್ದು ತಿಂದವರು ಯಾರು ಎಂಬುದನ್ನು. ತೂತಿನ ಆಕಾರ, ಹಿಕ್ಕೆ ಬಿದ್ದಿರುವ ಜಾಗ, ಹಾನಿ ಆರಂಭವಾದದ್ದು ಹೊರ ಎಲೆಯಿಂದಲೋ ಸುಳಿಯಿಂದಲೋ ಎಂಬ ಮೂರು ಸಂಗತಿಗಳನ್ನು ಗಮನಿಸಿದರೆ ಬಹುಪಾಲು ಸಂದರ್ಭಗಳಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ.

ಮೊದಲು ಮಬ್ಬು ಗಾಜಿನಂತಹ ಮಚ್ಚೆಗಳನ್ನು ನೋಡೋಣ. ಇದು ನಮ್ಮ ಭಾಗದಲ್ಲಿ ಕೋಸಿನ ಅತಿ ದೊಡ್ಡ ಪೀಡೆಯಾದ ವಜ್ರಬೆನ್ನಿನ ಪತಂಗದ ಮರಿಹುಳುವಿನ ರುಜು. ಶಾಸ್ತ್ರೀಯವಾಗಿ ಇದನ್ನು ಪ್ಲುಟೆಲ್ಲಾ ಕ್ಸೈಲೋಸ್ಟೆಲ್ಲಾ ಎನ್ನುತ್ತಾರೆ. ಮೊಟ್ಟೆಯಿಂದ ಹೊರಬಂದ ಎಳೆಹುಳು ಮೊದಲು ಎಲೆಯ ಒಳಗೇ ಹೊಕ್ಕು ಸುರಂಗ ಕೊರೆದು ತಿನ್ನುತ್ತದೆ. ತುಸು ಬೆಳೆದ ಮೇಲೆ ಹೊರಬಂದು ಎಲೆಯ ತಳಭಾಗವನ್ನು ಕೆರೆಯುತ್ತಾ, ಮೇಲಿನ ತೆಳು ಪೊರೆಯನ್ನು ಮಾತ್ರ ಹಾಗೆಯೇ ಬಿಡುತ್ತದೆ. ಬೆಳಕಿಗೆ ಹಿಡಿದರೆ ಆ ಪೊರೆ ಪುಟ್ಟ ಕಿಟಕಿಯಂತೆ ಕಾಣುತ್ತದೆ, ದಿನ ಕಳೆದಂತೆ ಅದು ಒಣಗಿ ಹರಿದು ತೂತಾಗುತ್ತದೆ. ಪೂರ್ಣ ಬೆಳೆದ ಹುಳು ಒಂದು ಸೆಂಟಿಮೀಟರಿನಷ್ಟು ಉದ್ದ, ತಿಳಿ ಹಸಿರು ಬಣ್ಣ, ಎರಡೂ ತುದಿಗಳಲ್ಲಿ ಸಣ್ಣಗಾಗಿರುವ ಮೈ. ಗುರುತಿಗೆ ಇದಕ್ಕಿಂತ ನೆಚ್ಚಿಕೆಯ ಪರೀಕ್ಷೆಯೊಂದಿದೆ: ಪೊರಕೆ ಕಡ್ಡಿಯ ತುದಿಯಿಂದ ಮೆಲ್ಲಗೆ ಮುಟ್ಟಿ. ಕೋಸಿನ ಬೇರೆ ಹುಳುಗಳು ಸುರುಳಿಯಾಗುತ್ತವೆ ಅಥವಾ ಸೋಮಾರಿಯಂತೆ ಸರಿಯುತ್ತವೆ. ಇದು ಮಾತ್ರ ಮೈಯನ್ನು ರಪರಪನೆ ಒದರುತ್ತಾ ಹಿಂದಕ್ಕೆ ಸರಿದು, ಎಲೆಯ ಅಂಚಿನಿಂದ ನೂಲು ಬಿಟ್ಟುಕೊಂಡು ಗಾಳಿಯಲ್ಲಿ ಜೋತುಬೀಳುತ್ತದೆ. ಅಪಾಯ ಕಳೆಯಿತೆಂದು ಅನಿಸಿದ ಮೇಲೆ ಅದೇ ನೂಲನ್ನು ಹತ್ತಿ ಮತ್ತೆ ಎಲೆಗೆ ಬರುತ್ತದೆ. ನಾನು ಮೊದಲ ಬಾರಿ ಇದನ್ನು ಕಂಡಾಗ ಹುಳ ಕೊಲ್ಲುವುದನ್ನೇ ಮರೆತು ಐದು ನಿಮಿಷ ನೋಡುತ್ತಾ ನಿಂತಿದ್ದೆ.

ಈ ಹುಳು ಎಲೆಯ ಮೇಲೆಯೇ ಜಾಳಾದ ಬಿಳಿ ನೂಲಿನ ಗೂಡು ಕಟ್ಟಿಕೊಂಡು ಕೋಶವಾಗುತ್ತದೆ. ಗೂಡು ಎಷ್ಟು ಜಾಳೆಂದರೆ ಒಳಗಿನ ಕೋಶ ಹೊರಗಿನಿಂದಲೇ ಕಾಣುತ್ತದೆ. ಅದರಿಂದ ಹೊರಬರುವ ಬೂದುಗಂದು ಬಣ್ಣದ ಸಣ್ಣ ಪತಂಗ ರೆಕ್ಕೆ ಮಡಚಿ ಕುಳಿತಾಗ ಬೆನ್ನಿನ ಉದ್ದಕ್ಕೂ ವಜ್ರದ ಆಕಾರದ ತಿಳಿ ಬಣ್ಣದ ಗುರುತುಗಳು ಸಾಲಾಗಿ ಮೂಡುತ್ತವೆ, ಹೆಸರು ಬಂದದ್ದು ಅದರಿಂದ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಪತಂಗದವರೆಗಿನ ಸುತ್ತು ಎರಡು ಮೂರು ವಾರಗಳಲ್ಲಿ ಮುಗಿಯುವುದರಿಂದ, ನಾಟಿ ಮಾಡಿದ ದಿನದಿಂದ ಗಡ್ಡೆ ಕೊಯ್ಯುವ ಹೊತ್ತಿಗೆ ಒಂದೇ ಕುಂಡದಲ್ಲಿ ಹಲವು ತಲೆಮಾರುಗಳು ಆಗಿಹೋಗುತ್ತವೆ. ಜೋರು ಮಳೆಗೆ ಎಳೆಹುಳುಗಳು ತೊಳೆದು ಹೋಗುತ್ತವೆ, ಒಣ ಹವೆಯಲ್ಲಿ ಹಾವಳಿ ಏರುತ್ತದೆ. ಶಿವರಾತ್ರಿ ಕಳೆದು ಬಿಸಿಲೇರುವ ಹೊತ್ತಿಗೆ ಕೋಸು ಇಟ್ಟುಕೊಂಡಿರುವವರು ಹೆಚ್ಚು ಎಚ್ಚರವಾಗಿರಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಇದು ಕೋಸನ್ನೇ ಹುಡುಕಿಕೊಂಡು ಬರುವುದೇಕೆ ಎಂದು ಒಬ್ಬರು ಚೀಟಿ ಕಳುಹಿಸಿದ್ದಾರೆ. ಕೋಸು, ಹೂಕೋಸು, ನವಿಲುಕೋಸು, ಮೂಲಂಗಿ, ಸಾಸಿವೆ ಇವೆಲ್ಲ ಒಂದೇ ಕುಲದವು. ಸಾಸಿವೆ ಅರೆದಾಗ ಮೂಗಿಗೆ ಏರುವ ಘಾಟಿನ ಮೂಲವಸ್ತು ಈ ಎಲ್ಲ ಗಿಡಗಳಲ್ಲಿಯೂ ಇದೆ. ಬೇರೆ ಬಹಳಷ್ಟು ಕೀಟಗಳನ್ನು ದೂರವಿಡಲು ಗಿಡವು ಇಟ್ಟುಕೊಂಡ ವಿಷವದು. ಆದರೆ ಈ ಪತಂಗಕ್ಕೆ ಅದೇ ವಾಸನೆ ಊಟದ ಕರೆಯಾಗಿದೆ. ಇದರ ಹುಳುವಿನ ಹೊಟ್ಟೆಯಲ್ಲಿರುವ ಕಿಣ್ವವೊಂದು ಆ ವಸ್ತು ಘಾಟಾಗಿ ಒಡೆಯುವ ಮೊದಲೇ ಅದರ ಹಲ್ಲು ಕಿತ್ತುಬಿಡುತ್ತದೆ. ಘಾಟನ್ನು ಜೀರ್ಣಿಸಿಕೊಂಡ ಇದೇ ಜೀವಿ ಮನುಷ್ಯರ ವಿಷಗಳನ್ನೂ ಜೀರ್ಣಿಸಿಕೊಂಡಿದೆ. ಭಾರತದಲ್ಲಿ ಇದರ ಮೊದಲ ದಾಖಲೆ 1914ರದು. 1953ರಲ್ಲಿ ಜಾವಾ ದ್ವೀಪದಲ್ಲಿ ಡಿಡಿಟಿಗೆ ಬಗ್ಗದ ವಜ್ರಬೆನ್ನಿನ ಪತಂಗಗಳು ಕಂಡುಬಂದವು; 1990ರಲ್ಲಿ ಹವಾಯಿಯ ಹೊಲಗಳಲ್ಲಿ ಬಿಟಿ ಎಂಬ ಜೈವಿಕ ಕೀಟನಾಶಕಕ್ಕೂ ಇದು ಜಗ್ಗದಾಯಿತೆಂದು ವರದಿಯಾಯಿತು. ಹೊಲದಲ್ಲಿ ಹೊಡೆದು ಸೋತ ಔಷಧಿಯ ಬಾಟಲಿಯನ್ನೇ ಅಂಗಡಿಯಿಂದ ತಂದು, ಮಕ್ಕಳು ಆಡುವ ತಾರಸಿಯ ಮೇಲೆ, ನಾಲ್ಕು ದಿನದಲ್ಲಿ ಪಲ್ಯವಾಗಲಿರುವ ಗಡ್ಡೆಗೆ ಹೊಡೆಯುವುದು ನನಗಂತೂ ಸರಿ ಕಾಣುವುದಿಲ್ಲ.

ಈಗ ನುಚ್ಚಿನಂತಹ ಬಿಳಿ ಗೂಡಿನ ಕಥೆ. ಕೋಸು ಬೆಳೆಯಲು ಆರಂಭಿಸಿದ ಮೊದಲ ವರ್ಷ ನಾನು ದಿನವೂ ಬೆಳಿಗ್ಗೆ ಎಲೆ ಮಗುಚಿ, ಕಂಡ ಗೂಡುಗಳನ್ನೆಲ್ಲ ಉಗುರಿನಿಂದ ಒತ್ತಿಬಿಡುತ್ತಿದ್ದೆ. ಹುಳುಗಳು ಮಾತ್ರ ಕಡಿಮೆಯಾಗಲಿಲ್ಲ. ಮುಂದಿನ ವರ್ಷ ಕುತೂಹಲಕ್ಕೆ ಎರಡು ಬಗೆಯ ಗೂಡುಗಳನ್ನು ಬೇರೆ ಬೇರೆ ಗಾಜಿನ ಸೀಸೆಗಳಲ್ಲಿ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಅಡಿಗೆಮನೆಯ ಕಿಟಕಿಯಲ್ಲಿ ಇಟ್ಟೆ. ಜಾಳು ಗೂಡಿನಿಂದ ಪತಂಗ ಬಂತು. ಒತ್ತಾಗಿ ನೇಯ್ದ, ಒಳಗೇನೂ ಕಾಣದ ಬಿಳಿ ಗೂಡಿನಿಂದ ಬಂದದ್ದು ಇರುವೆಗಿಂತ ಸಣ್ಣದಾದ ಕಪ್ಪು ಕಣಜ. ಕೊಟೇಶಿಯಾ ಎಂಬ ಈ ಕಣಜವು ವಜ್ರಬೆನ್ನಿನ ಹುಳುವಿನ ಮೈಯೊಳಗೆ ಮೊಟ್ಟೆಯಿಡುತ್ತದೆ. ಮರಿ ಆ ಹುಳುವನ್ನು ಒಳಗಿನಿಂದ ತಿಂದು, ಮೈ ಸೀಳಿ ಹೊರಬಂದು, ಅಲ್ಲಿಯೇ ಪಕ್ಕದಲ್ಲಿ ತನ್ನ ಬಿಳಿ ಗೂಡು ಕಟ್ಟುತ್ತದೆ. ಬೆಂಗಳೂರು ಸುತ್ತಿನ ಬಯಲುಸೀಮೆಯ ಕೋಸಿನ ತೋಟಗಳಲ್ಲಿ ಇದು ಸಾಮಾನ್ಯ. ನೀಲಗಿರಿಯಂತಹ ತಂಪು ಪ್ರದೇಶಕ್ಕೆ ಇದೇ ಕೆಲಸಕ್ಕಾಗಿ ಡಯಡೆಗ್ಮಾ ಎಂಬ ಇನ್ನೊಂದು ಕಣಜವನ್ನು ಹೊರದೇಶದಿಂದ ತಂದು ಬಿಟ್ಟು ನೆಲೆಗೊಳಿಸಿದ್ದಾರೆ. ನಮಗೆ ಇದು ಪುಕ್ಕಟೆಯಾಗಿ ಬಂದು ಸೇರಿಕೊಂಡಿತ್ತು, ನಾನು ಅದರ ಗೂಡುಗಳನ್ನು ಎಣಿಸಿ ಎಣಿಸಿ ಒತ್ತುತ್ತಿದ್ದೆ. ಆದ್ದರಿಂದ ನೆನಪಿಡಿ: ಒಳಗಿನದು ಕಾಣುವ ಜಾಳು ಗೂಡನ್ನು ತೆಗೆಯಿರಿ, ಒಳಗಿನದು ಕಾಣದ ನುಚ್ಚಿನಂತಹ ಗೂಡನ್ನು ಬಿಡಿ.

ಉಳಿದ ಹುಳುಗಳಲ್ಲಿ ಮೂರನ್ನು ಹೇಳಿದರೆ ಮನೆತೋಟಕ್ಕೆ ಸಾಕು. ಎಲೆಗಳನ್ನು ನೂಲಿನಿಂದ ಒಂದಕ್ಕೊಂದು ಹೆಣೆದು ಒಳಗೆ ಹತ್ತಾರು ಸೇರಿ ಮೇಯುವ ಹುಳು ಒಂದು. ಇದರ ಮೊಟ್ಟೆಗಳು ಎಲೆಯ ತಳದಲ್ಲಿ ಮಂಗಳೂರು ಹಂಚಿನಂತೆ ಒಂದರ ಮೇಲೊಂದು ಅಂಚು ಹಾಯ್ದು ಕುಳಿತಿರುತ್ತವೆ. ಬಲೆಯಲ್ಲಿ ಸಿಕ್ಕಿಕೊಂಡ ಹಿಕ್ಕೆಯನ್ನು ಕಂಡರೆ ಆ ಎಲೆಯನ್ನು ಹಾಗೆಯೇ ಕಿತ್ತು ಸೋಪಿನ ನೀರಿನ ಬಕೆಟ್ಟಿಗೆ ಹಾಕುವುದೇ ಮದ್ದು. ಎರಡನೆಯದು ಗಡ್ಡೆ ಕೊರಕ. ಎಳೆ ಸಸಿಯ ಸುಳಿಯಲ್ಲಿ ಹಿಕ್ಕೆ ಮೆತ್ತಿದ ನೂಲು ಕಂಡರೆ ಅದೇ. ಸುಳಿ ಸತ್ತ ಮೇಲೆ ಗಿಡವು ಪಕ್ಕದಿಂದ ನಾಲ್ಕೈದು ಚಿಗುರೊಡೆದು, ನಿಂಬೆ ಗಾತ್ರದ ಹಲವು ಗಡ್ಡೆಗಳನ್ನು ಕಟ್ಟಲು ಯತ್ನಿಸುತ್ತದೆ. ಬೀಜ ಸರಿಯಿಲ್ಲವೆಂದು ನಾವು ಬೀಜ ಮಾರಿದವನನ್ನು ಬೈಯುತ್ತೇವೆ. ನಾಟಿ ಮಾಡಿದ ಮೊದಲ ಒಂದು ತಿಂಗಳು ಸುಳಿಯನ್ನು ಇಣುಕಿ ನೋಡುವ ಅಭ್ಯಾಸವಿದ್ದರೆ ಚಿಮುಟದಿಂದ ಅದನ್ನು ಎಳೆದು ತೆಗೆಯಬಹುದು, ತಡವಾದರೆ ಏನು ಹೊಡೆದರೂ ಪ್ರಯೋಜನವಿಲ್ಲ.

ಮೂರನೆಯದು ತಂಬಾಕಿನ ಹುಳು, ಸ್ಪೊಡಾಪ್ಟೆರಾ. ಕಂದು ರೋಮ ಹೊದಿಸಿದ ಮೊಟ್ಟೆಗಳ ಗುಂಪನ್ನು ಇಡುವುದು ಇದೇ. ಎಳೆಯ ಹುಳುಗಳು ಒಂದೇ ಎಲೆಯ ಮೇಲೆ ಗುಂಪಾಗಿದ್ದು ಎಲೆಯನ್ನು ಜಾಲರಿಯಾಗಿಸುತ್ತವೆ. ಆ ಹಂತದಲ್ಲಿ ಒಂದು ಎಲೆ ಕಿತ್ತರೆ ನೂರಾರು ಹುಳುಗಳು ಹೋದಂತೆ. ಬೆಳೆದ ಮೇಲೆ ಚದುರಿಹೋಗಿ, ಹಗಲಿನಲ್ಲಿ ಮಣ್ಣಿನಲ್ಲಿಯೋ ಕುಂಡದ ಅಡಿಯಲ್ಲಿಯೋ ಅಡಗಿ, ರಾತ್ರಿ ಹತ್ತಿ ಬಂದು ಕೈಬೆರಳು ತೂರುವಷ್ಟು ದೊಡ್ಡ ತೂತುಗಳನ್ನು ಮಾಡುತ್ತವೆ. ಬೆಳಿಗ್ಗೆ ದಪ್ಪ ಹಿಕ್ಕೆ ಕಂಡು ಹುಳು ಕಾಣದಿದ್ದರೆ ರಾತ್ರಿ ಎಂಟೂವರೆಗೆ ಟಾರ್ಚು ಹಿಡಿದು ಮಹಡಿ ಹತ್ತಿ. ಹುಳುವಿನ ಬದಲು ಬಸವನಹುಳುವೋ ಗೊಂಡೆಹುಳುವೋ ಸಿಗಬಹುದು. ಅವು ಹೋದ ದಾರಿಯಲ್ಲಿ ಒಣಗಿದ ಲೋಳೆ ಬೆಳ್ಳಿಯ ಗೆರೆಯಂತೆ ಹೊಳೆಯುತ್ತದೆ, ಅದರ ಉಪಚಾರ ಕೈಯಿಂದ ಆರಿಸುವುದು ಮಾತ್ರ.

ಇಲ್ಲಿ ಒಂದು ಮಾತು ಹೇಳಬೇಕು. ಕೋಸಿನ ಕೀಟಗಳ ಬಗ್ಗೆ ಬರುವ ವಿದೇಶಿ ವಿಡಿಯೋಗಳಲ್ಲಿ ಬಿಳಿ ಚಿಟ್ಟೆಯೇ ಮುಖ್ಯ ವೈರಿ. ಉತ್ತರ ಭಾರತದ ಬಯಲಿನಲ್ಲಿಯೂ ಹಿಮಾಲಯದ ತಪ್ಪಲಿನಲ್ಲಿಯೂ ಕೋಸಿನ ಬಿಳಿ ಚಿಟ್ಟೆ ನಿಜಕ್ಕೂ ದೊಡ್ಡ ಪೀಡೆ. ಆದರೆ ಬೆಂಗಳೂರಿನ ತಾರಸಿಗಳ ಮೇಲೆ ಹಾರಾಡುವ ತಿಳಿ ಹಳದಿ, ಹಸಿರುಬಿಳಿ ಚಿಟ್ಟೆಗಳಲ್ಲಿ ಬಹಳಷ್ಟು ಕಕ್ಕೆ ಮತ್ತು ಅದರ ಬಳಗದ ಗಿಡಗಳ ಮೇಲೆ ಮೊಟ್ಟೆಯಿಡುವಂಥವು. ಅವುಗಳ ಹಿಂದೆ ಬ್ಯಾಡ್ಮಿಂಟನ್ ರಾಕೆಟ್ ಹಿಡಿದು ಓಡಬೇಕಾಗಿಲ್ಲ.

ಹೇನಿನ ವಿಷಯಕ್ಕೆ ಬರೋಣ. ಎಲೆಯ ಮೇಲಿನ ಬೂದಿಯಂತಹ ಪುಡಿ ಕೋಸಿನ ಹೇನು ತಾನೇ ಹೊದ್ದುಕೊಂಡ ಮೇಣ. ಇವು ಎಲೆಯನ್ನು ಕಚ್ಚಿ ತಿನ್ನುವುದಿಲ್ಲ, ಸೂಜಿಬಾಯಿಯಿಂದ ರಸ ಹೀರುತ್ತವೆ. ಆದ್ದರಿಂದ ತೂತು ಇರುವುದಿಲ್ಲ. ಎಲೆ ಮುರುಟಿ, ಹಳದಿಯಾಗಿ, ಬಟ್ಟಲಿನಂತೆ ಒಳಕ್ಕೆ ಮಡಚಿಕೊಳ್ಳುತ್ತದೆ. ಹೇನಿಗೆ ಗಂಡಿನ ಸಹವಾಸವಿಲ್ಲದೆಯೇ ಮರಿಹಾಕುವ ಶಕ್ತಿ ಇರುವುದರಿಂದ ಸೋಮವಾರ ಹತ್ತು ಕಂಡದ್ದು ಮುಂದಿನ ಸೋಮವಾರಕ್ಕೆ ಲೆಕ್ಕಕ್ಕೆ ಸಿಗದಷ್ಟಾಗುತ್ತದೆ. ಮೊದಲ ಉಪಚಾರ ನೀರು: ಪೈಪಿನ ಬಾಯಿಗೆ ಹೆಬ್ಬೆರಳು ಹಿಡಿದು ರಭಸದ ಧಾರೆಯನ್ನು ಎಲೆಯ ತಳಕ್ಕೆ ಹಾಯಿಸಿದರೆ ಬಹುಪಾಲು ಉದುರುತ್ತವೆ, ಉದುರಿದವುಗಳಲ್ಲಿ ಹಿಂದಿರುಗುವವು ಕಡಿಮೆ. ಅಷ್ಟಕ್ಕೂ ಹೋಗದಿದ್ದರೆ ಮೆದುವಾದ ದ್ರವ ಸೋಪು, ಲೀಟರ್ ನೀರಿಗೆ 5 ಮಿಲಿಲೀಟರ್. ಸೋಪು ಮೈಗೆ ತಾಗಿದರೆ ಮಾತ್ರ ಕೊಲ್ಲುತ್ತದೆ, ಎಲೆಯ ಮೇಲ್ಭಾಗಕ್ಕೆ ಹೊಡೆದು ಸಮಾಧಾನಪಟ್ಟುಕೊಂಡರೆ ಏನೂ ಆಗದು. ಪ್ರಮಾಣವನ್ನು ಒತ್ತಿ ಹೇಳಲು ಕಾರಣವಿದೆ. ಒಮ್ಮೆ ನಾನು ಬಟ್ಟೆ ಒಗೆಯುವ ಪುಡಿಯನ್ನೇ ಒಂದು ಹಿಡಿ ಕಲಸಿ ಹೊಡೆದೆ. ಹೇನುಗಳು ಸತ್ತವು. ಆದರೆ ಕೋಸಿನ ಎಲೆಗೆ ಇರುವ ಆ ನೀಲಿಹಸಿರು ಮೇಣದ ಹೊದಿಕೆಯೂ ತೊಳೆದುಹೋಗಿ, ಮೂರನೆಯ ದಿನಕ್ಕೆ ಎಲೆಯ ಅಂಚುಗಳು ಸುಟ್ಟ ಹಪ್ಪಳದಂತೆ ಕಂದಾದವು.

ಇನ್ನು ಬೇವು. ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ತರಿತರಿಯಾಗಿ ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಚೆನ್ನಾಗಿ ಹಿಂಡಿ ಸೋಸಿ ಇಟ್ಟುಕೊಂಡು, ಸಂಜೆ ಹೊಡೆಯುವ ಮುನ್ನ ಚೂರು ಸೋಪು ಬೆರೆಸಬೇಕು. ಸೋಪಿಲ್ಲದಿದ್ದರೆ ದ್ರಾವಣ ಮೇಣದ ಎಲೆಯ ಮೇಲೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಉರುಳಿ ಬೀಳುತ್ತದೆ. ಸಂಜೆಯೇ ಏಕೆಂದರೆ ಬೇವಿನ ಸತ್ವ ಬಿಸಿಲಿಗೆ ಬೇಗ ಕೆಡುತ್ತದೆ. ಇದು ಹುಳುವನ್ನು ಅಲ್ಲಿಯೇ ಕೆಡವುವ ವಿಷವಲ್ಲ; ಹುಳು ತಿನ್ನುವುದನ್ನು ಕಡಿಮೆ ಮಾಡುತ್ತದೆ, ಪೊರೆ ಕಳಚಲಾಗದೆ ಬೆಳವಣಿಗೆ ನಿಂತು ಸಾಯುತ್ತದೆ. ಮರುದಿನವೂ ಹುಳು ಓಡಾಡುತ್ತಿದೆ ಎಂದು ಬೇವನ್ನು ಬೈದು ಬೇರೆ ಬಾಟಲಿಗೆ ಹೋಗುವವರು ಬಹಳ. ವಾರ ಹತ್ತು ದಿನಕ್ಕೊಮ್ಮೆ ಮತ್ತೆ ಹೊಡೆಯುತ್ತಾ ಬಂದರೆ ಅದರ ಗುಣ ಕಾಣುತ್ತದೆ. ಕುಟ್ಟುವ ವ್ಯವಧಾನವಿಲ್ಲದವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ರೂಪಿಸಿದ ಬೇವಿನ ಸೋಪು ಮತ್ತು ಹೊಂಗೆಯ ಸೋಪುಗಳಿವೆ, ಪೊಟ್ಟಣದ ಮೇಲಿನ ಪ್ರಮಾಣವನ್ನು ಮೀರಬೇಡಿ.

ವಜ್ರಬೆನ್ನಿನ ಹುಳು ಕೈಮೀರಿದಾಗ ಮಾತ್ರ ಬಿಟಿ ಪುಡಿ. ಇದು ಒಂದು ಬ್ಯಾಕ್ಟೀರಿಯಾ. ಹುಳು ಎಲೆಯ ಜೊತೆ ತಿಂದಾಗ, ಅದರ ಕರುಳಿನ ಕ್ಷಾರದಲ್ಲಿ ಬ್ಯಾಕ್ಟೀರಿಯಾದ ಹರಳುಗಳು ಕರಗಿ ಕರುಳಿಗೆ ತೂತು ಕೊರೆಯುತ್ತವೆ. ಕೆಲವು ಗಂಟೆಗಳಲ್ಲಿ ಮೇವು ನಿಲ್ಲುತ್ತದೆ, ಎರಡು ಮೂರು ದಿನದಲ್ಲಿ ಹುಳು ಕಪ್ಪಾಗಿ ಸಾಯುತ್ತದೆ. ಎಳೆಹುಳುಗಳಿಗೆ ಚೆನ್ನಾಗಿ ತಾಗುತ್ತದೆ, ಬಲಿತವುಗಳಿಗೆ ಕಡಿಮೆ, ಹೇನಿಗೆ ಇಲ್ಲವೇ ಇಲ್ಲ. ಇದನ್ನು 1901ರಲ್ಲಿ ಜಪಾನಿನ ಇಶಿವಾಟಾ ಎಂಬ ವಿಜ್ಞಾನಿ ಮೊದಲು ಕಂಡುಹಿಡಿದದ್ದು ರೋಗದಿಂದ ಸಾಯುತ್ತಿದ್ದ ರೇಷ್ಮೆಹುಳುಗಳಲ್ಲಿ. ಈ ಸಂಗತಿ ನಮ್ಮವರಿಗೆ ಬರಿಯ ಇತಿಹಾಸವಲ್ಲ. ಕೋಲಾರ, ಚಿಕ್ಕಬಳ್ಳಾಪುರ, ರಾಮನಗರದ ಕಡೆ ಕೋಸಿನ ಹೊಲದ ಬದುವಿಗೇ ಹಿಪ್ಪುನೇರಳೆ ಇರುತ್ತದೆ. ಊರಿನ ಮನೆಯ ಹಿತ್ತಲಿನಲ್ಲಿ ಕೋಸು ಬೆಳೆಯುವವರು, ಪಕ್ಕದಲ್ಲಿ ಹುಳು ಮನೆ ಇದ್ದರೆ ಬಿಟಿಯನ್ನು ಮುಟ್ಟಲೇಬಾರದು. ಗಾಳಿಯಲ್ಲಿ ತೇಲಿಹೋದ ತುಂತುರು ಸೊಪ್ಪಿನ ಮೇಲೆ ಕುಳಿತರೆ ನೆರೆಯವರ ಒಂದು ಬೆಳೆಯೇ ಹೋದೀತು.

ಇಷ್ಟೆಲ್ಲ ಹೊಡೆಯುವ ಗೋಜೇ ಬೇಡವೆನ್ನುವವರಿಗೆ ಎರಡು ಉಪಾಯಗಳಿವೆ. ಒಂದು, ಪರದೆ. ಕುಂಬಳ, ಸೌತೆಗಳಿಗೆ ಜೇನ್ನೊಣ ಬೇಕು. ಕೋಸನ್ನು ನಾವು ಹೂಬಿಡುವ ಮುಂಚೆಯೇ ಕೊಯ್ಯುವುದರಿಂದ ಅದಕ್ಕೆ ಯಾರ ಸಹಾಯವೂ ಬೇಡ. ನಾಟಿಯ ದಿನವೇ ಹಳೆಯ ಸೊಳ್ಳೆಪರದೆಯನ್ನು ಬಿದಿರಿನ ದಬ್ಬೆಗಳ ಮೇಲೆ ಹೊದಿಸಿ ಅಂಚಿಗೆ ಇಟ್ಟಿಗೆ ಹೇರಿದರೆ ಪತಂಗ ಒಳಬರದು. ಎಲೆ ಪರದೆಗೆ ತಾಗದಂತೆ ಎತ್ತರವಿರಲಿ, ಹೇನು ಮಾತ್ರ ನುಸುಳುತ್ತದೆ ಎಂಬ ಎಚ್ಚರವೂ ಇರಲಿ. ಇನ್ನೊಂದು, ಸಾಸಿವೆ. ಹೆಸರಘಟ್ಟದ ಸಂಸ್ಥೆಯವರೇ ಹೊಲಕ್ಕೆಂದು ರೂಪಿಸಿದ ಪದ್ಧತಿಯಲ್ಲಿ ಪ್ರತಿ 25 ಸಾಲು ಕೋಸಿಗೆ ಜೋಡಿ ಸಾಲು ಸಾಸಿವೆ ಬರುತ್ತದೆ; ಒಂದು ಸಾಲನ್ನು ಕೋಸಿನ ನಾಟಿಗೆ 15 ದಿನ ಮೊದಲು, ಇನ್ನೊಂದನ್ನು ನಾಟಿಯಾದ 25 ದಿನಕ್ಕೆ ಬಿತ್ತುತ್ತಾರೆ. ಪತಂಗಗಳು ಕೋಸಿಗಿಂತ ಸಾಸಿವೆಯನ್ನು ಮೆಚ್ಚುತ್ತವೆ. ತಾರಸಿಯಲ್ಲಿ ಹತ್ತು ಕೋಸಿಗೆ ಎರಡು ಕುಂಡ ಸಾಸಿವೆ ಇಡುತ್ತೇನೆ, ಬೀಜ ಒಗ್ಗರಣೆ ಡಬ್ಬಿಯದೇ ಆದೀತು. ಆದರೆ ಸಾಸಿವೆಯನ್ನು ಇಟ್ಟು ಮರೆತರೆ ಅದೇ ಹುಳುಗಳ ಬಾಣಂತಿಕೋಣೆಯಾಗುತ್ತದೆ. ವಾರಕ್ಕೊಮ್ಮೆ ಅದಕ್ಕೆ ಬೇವು ಹೊಡೆಯಬೇಕು, ಇಲ್ಲವೇ ಹುಳು ತುಂಬಿದ ಗಿಡವನ್ನು ಕಿತ್ತು ನೀರಿನಲ್ಲಿ ಮುಳುಗಿಸಬೇಕು.

ಕೀಟವಲ್ಲದ್ದನ್ನು ಕೀಟವೆಂದುಕೊಳ್ಳುವುದೂ ಉಂಟು. ಎಲೆಯ ಅಂಚಿನಿಂದ ಒಳಕ್ಕೆ ತ್ರಿಕೋನಾಕಾರವಾಗಿ ಹಳದಿಯಾಗುತ್ತಾ ನರಗಳು ಕಪ್ಪಾದರೆ ಅದು ಕಪ್ಪು ಕೊಳೆ ಎಂಬ ಬ್ಯಾಕ್ಟೀರಿಯಾ ರೋಗ. ಬೇವು, ಬಿಟಿ ಯಾವುದೂ ಅದಕ್ಕೆ ಮದ್ದಲ್ಲ, ಗಿಡ ಕಿತ್ತು ದೂರ ಹಾಕುವುದು ಮತ್ತು ಆ ಮಣ್ಣಿನಲ್ಲಿ ಎರಡು ವರ್ಷ ಈ ಕುಲದ ಗಿಡ ಇಡದಿರುವುದು ಲೇಸು. ತೀರ ಕೆಳಗಿನ ಒಂದೆರಡು ಎಲೆ ಹಳದಿಯಾಗಿ ಉದುರುವುದು ಮುಪ್ಪು, ಅಷ್ಟೇ.

ಉಪನ್ಯಾಸ ಮುಗಿದ ಮೇಲೆ ಹಿರಿಯರೊಬ್ಬರು ವೃತ್ತಪತ್ರಿಕೆಯಲ್ಲಿ ಸುತ್ತಿ ತಂದ ಎಲೆಯೊಂದನ್ನು ನನ್ನ ಮುಂದೆ ಬಿಚ್ಚಿ, "ಹೇನು ಮುತ್ತಿದೆ ಸ್ವಾಮಿ, ನಾಳೆ ಬೆಳಿಗ್ಗೆಯೇ ಹೊಡೆದುಬಿಡಲೇ?" ಎಂದು ಕೇಳಿದರು. ಭೂತಗನ್ನಡಿ ಹಿಡಿದು ಇಬ್ಬರೂ ನೋಡಿದೆವು. ಬೂದು ಹೇನುಗಳ ನಡುವೆ ಗೋಧಿ ಬಣ್ಣಕ್ಕೆ ತಿರುಗಿ, ಊದಿ ಗಟ್ಟಿಯಾಗಿದ್ದ ಹೇನುಗಳು ಹಲವಿದ್ದವು. ಕೆಲವುಗಳ ಬೆನ್ನಿನಲ್ಲಿ ಸೂಜಿಯಿಂದ ಚುಚ್ಚಿದಂತಹ ದುಂಡನೆಯ ರಂಧ್ರ. ಹೇನಿನೊಳಗೆ ಬೆಳೆದ ಕಣಜ ಹೊರಬಿದ್ದ ಬಾಗಿಲು ಅದು. ಪಕ್ಕದಲ್ಲಿ ಗುಲಗಂಜಿ ಹುಳುವಿನ ಮರಿಯೊಂದು, ಮೊಸಳೆಯ ಪುಟ್ಟ ಅಚ್ಚಿನಂತೆ, ಹೇನೊಂದನ್ನು ಕಚ್ಚಿ ಎತ್ತಿಕೊಂಡಿತ್ತು. "ಸೋಪು ಹೊಡೆದರೆ ಈ ಮರಿಯೂ ಸಾಯುತ್ತದೆ, ನಾಲ್ಕು ದಿನ ಬಿಟ್ಟು ಎಣಿಸಿ ನೋಡಿ" ಎಂದೆ. ಅವರು ಎಲೆಯನ್ನು ಮತ್ತೆ ಕಾಗದದಲ್ಲಿ, ಈ ಸಲ ಸಡಿಲವಾಗಿ ಸುತ್ತಿಕೊಂಡು, ಮರಿಯನ್ನು ಗಿಡಕ್ಕೇ ಬಿಡುತ್ತೇನೆಂದು ಹೇಳಿ ಹೊರಟರು.